ಬೆಕ್ಕಿನ ಕಣ್ಣು ದೀಪವಲ್ಲ ಎಂದು ಮಕ್ಕಳಿಗೆ ಹೇಗೆ ತಿಳಿಸಲಿ?

ಮುಂಡರಗಿ ಟೀಚರ್:

ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಐದನೆಯ ತರಗತಿಗೆ ಪಾಠ ಮಾಡುತ್ತೇನೆ. ಕಳೆದ ವಾರ ಬೆಳಕಿನ ಪಾಠ ಶುರುವಾಯಿತು. ಬೆಳಕು ಕೊಡುವ ವಸ್ತುಗಳನ್ನು ಹೇಳಿ ಎಂದೆ. ಸೂರ್ಯ, ಚಿಮಣಿ, ಒಲೆ, ಮಿಂಚುಹುಳ ಎಂದು ಬೋರ್ಡು ತುಂಬಿತು. ಒಬ್ಬ ಚಂದ್ರ ಎಂದ, ತಿದ್ದಿದೆ. ಆಮೇಲೆ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತು "ಬೆಕ್ಕಿನ ಕಣ್ಣು" ಎಂದಳು. ಅವರ ಮನೆಯ ಬೆಕ್ಕು ಜೋಳದ ಚೀಲಗಳ ಹಿಂದೆ ಮರಿ ಹಾಕಿದೆ. ರಾತ್ರಿ ಟಾರ್ಚ್ ಹಿಡಿದು ಇಣುಕಿದರೆ ಎರಡು ಹಸಿರು ದೀಪ ಉರಿಯುತ್ತಿದ್ದವಂತೆ.

ಅದು ಪ್ರತಿಫಲನ ಎಂದು ಚಿತ್ರ ಬರೆದು, ವಸ್ತುವಿನಿಂದ ಕಣ್ಣಿಗೆ ಬಾಣ ಹಾಕಿದೆ. "ಟೀಚರ್, ಬಾಣ ತಿರುಗಿಸಿ. ನೋಡುವವರು ನಾವಲ್ಲವೇ?" ಎಂದಳು. ಇಡೀ ತರಗತಿ ಅವಳ ಕಡೆ ಸೇರಿತು. ಪರೀಕ್ಷೆಯಲ್ಲಿ ನನ್ನ ಬಾಣವನ್ನೇ ಬರೆಯುತ್ತಾರೆ, ಆದರೆ ಅದನ್ನು ನಂಬುವುದಿಲ್ಲ. ನನ್ನ ಬಳಿ ಇರುವುದು ಅಂಚು ಒಡೆದ ಕನ್ನಡಿ, ಒಂದು ಟಾರ್ಚ್. ದಾರಿ ಹೇಳಿ.

ಬ್ಯಾಡಗಿಯ ಅಪ್ಪ:

ಯೂಟ್ಯೂಬಿನಲ್ಲಿ ಒಳ್ಳೆಯ ಅನಿಮೇಶನ್‌ಗಳಿವೆ. ತೋರಿಸಿ ನೋಡಿ.

ಮುಂಡರಗಿ ಟೀಚರ್:

ತೋರಿಸಿದೆ ಸರ್. ಅಲ್ಲಿಯೂ ಬಾಣಗಳೇ, ಬಣ್ಣ ಮಾತ್ರ ಚೆನ್ನಾಗಿದೆ.

ನಿವೃತ್ತ ಮಾಸ್ತರ, ಧಾರವಾಡ:

ತಂಗಿ, ಮೊದಲು ಆ ಹುಡುಗಿಯ ಬೆನ್ನು ತಟ್ಟು. ಕಣ್ಣಿನಿಂದಲೇ ಕಿರಣ ಹೊರಡುತ್ತದೆ ಎಂದು ಪ್ರಾಚೀನ ಗ್ರೀಕ್ ಗಣಿತಜ್ಞ ಯೂಕ್ಲಿಡ್ ಕೂಡ ನಂಬಿದ್ದ. ಸುಮಾರು 1000 ವರ್ಷಗಳ ಹಿಂದೆ ಇಬ್ನ್ ಅಲ್-ಹೈಥಮ್ ಎಂಬ ಅರಬ್ ವಿದ್ವಾಂಸ ಇದನ್ನು ಅಲ್ಲಗಳೆದ. ಸೂರ್ಯನತ್ತ ನೋಡಿದರೆ ಕಣ್ಣು ನೋಯುತ್ತದೆ. ಹೊರಗಿನಿಂದ ಏನೋ ಒಳಗೆ ಬರದಿದ್ದರೆ ನೋವೇಕೆ ಎಂಬುದು ಅವನ ಒಂದು ವಾದ. ಇಷ್ಟು ದೊಡ್ಡವರೇ ಎಡವಿದ ಜಾಗವನ್ನು ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ದಾಟಿಸಲು ಹೋಗಬೇಡ.

ನಿಮ್ಮ ಊರಿನಲ್ಲಿ ಮಾಳಿಗೆ ಮನೆಗಳು ಇನ್ನೂ ಇರಬೇಕು. ಚಾವಣಿಯಲ್ಲೇ ಬೆಳಕಿಂಡಿ ಇರುವ ಒಂದು ಮನೆ ಹುಡುಕು. ಬಿಸಿಲು ನೆತ್ತಿಗೆ ಬಂದಾಗ ಮಕ್ಕಳನ್ನು ಒಳಗೆ ಕೂರಿಸಿ ಬಾಗಿಲು ಮುಚ್ಚು. ನೆಲದ ಮೇಲೆ ಬಿಸಿಲಿನ ತುಂಡೊಂದು ಬಿದ್ದಿರುತ್ತದೆ. ಮಾಳಿಗೆಯಿಂದ ನೆಲದವರೆಗೆ ನಡುವೆ ಏನಿದೆ ಎಂದು ಕೇಳು. ಏನೂ ಇಲ್ಲ ಎನ್ನುತ್ತಾರೆ. ಆಗ ಒಂದು ಹಿಡಿ ಜೋಳದ ಹಿಟ್ಟನ್ನು ಜರಡಿಗೆ ಹಾಕಿ ಆ ಜಾಗದಲ್ಲಿ ಜರಡಿ ಹಿಡಿಸು. ಬೆಳಕಿನ ಕಂಬ ಎದ್ದು ನಿಲ್ಲುತ್ತದೆ. ಹಿಟ್ಟು ಕೆಳಗಿಳಿದಂತೆ ಕಂಬವೂ ಕರಗುತ್ತದೆ. ಮೂಗಿನ ಮುಂದೆಯೇ ಹಾದುಹೋಗುವ ಬೆಳಕು ಏನಕ್ಕಾದರೂ ತಾಗಿ ನಮ್ಮ ಕಡೆ ತಿರುಗುವವರೆಗೆ ನಮಗೆ ಕಾಣುವುದಿಲ್ಲ. ಇದನ್ನು ನೀನು ಹೇಳಬೇಡ, ಯಾರಾದರೂ ಒಬ್ಬರು ಹೇಳುವವರೆಗೆ ಸುಮ್ಮನಿರು.

ಆಮೇಲೆ ಆ ಬಿಸಿಲಿನ ತುಂಡಿನ ಮೇಲೆ ಕರಿ ಕಂಬಳಿ ಹಾಸು. ಕೋಣೆ ಮಂಕಾಗುತ್ತದೆ. ಕಂಬಳಿ ತೆಗೆದು ಬಿಳಿ ಧೋತರ ಹಾಸು, ಮೂಲೆಯಲ್ಲಿ ಕುಳಿತವನ ಮುಖವೂ ಕಾಣುತ್ತದೆ. ಧೋತರಕ್ಕೆ ಸ್ವಂತ ಬೆಳಕಿಲ್ಲ, ಆದರೂ ಕೋಣೆ ಬೆಳಗಿತು. ಚಂದ್ರನ ಪಾಠ ಅಲ್ಲಿಗೆ ಮುಗಿಯಿತು.

ಇನ್ನೊಂದು ಮಾತು. ಬೆಳಕಿಂಡಿಗೆ ರಟ್ಟು ಮುಚ್ಚಿ, ಅದರಲ್ಲಿ ಜೋಳದ ಕಾಳಿನಷ್ಟು ಸಣ್ಣ ಮೂರು ಮೂಲೆಯ ತೂತು ಮಾಡಿಸು. ನೆಲದ ಮೇಲೆ ಬೀಳುವುದು ದುಂಡು ಬಿಲ್ಲೆ. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಹತ್ತು ಅಡಿ ಎತ್ತರದ ಮಾಳಿಗೆಯಾದರೆ ಬಿಲ್ಲೆ ಒಂದು ಇಂಚಿಗಿಂತ ತುಸು ದೊಡ್ಡದು. 2027ರ ಆಗಸ್ಟ್ 2ರಂದು ಸಂಜೆಯ ಹೊತ್ತಿಗೆ ನಮ್ಮ ಕಡೆ ಪಾರ್ಶ್ವ ಸೂರ್ಯಗ್ರಹಣವಿದೆ. ಮೋಡ ಬಿಟ್ಟುಕೊಟ್ಟರೆ ಇಂಥದೇ ತೂತಿನ ರಟ್ಟು ಹಿಡಿದು ಬಿಲ್ಲೆಯನ್ನು ಗೋಡೆಯ ಮೇಲೆ ಬೀಳಿಸು, ಕಚ್ಚಿದ ರೊಟ್ಟಿಯಂತೆ ಕಾಣುತ್ತದೆ. ತೂತಿಗೆ ಕಣ್ಣಿಟ್ಟು ಸೂರ್ಯನನ್ನು ನೋಡಲು ಮಾತ್ರ ಯಾರನ್ನೂ ಬಿಡಬೇಡ.

ಬ್ಯಾಡಗಿಯ ಅಪ್ಪ:

ಮಾಸ್ತರರೇ, ಹಾಗಾದರೆ ಚಂದ್ರ ಧೋತರದ ಹಾಗೆ ಬೆಳ್ಳಗಿದ್ದಾನೆಯೇ? ನನ್ನ ಮಗ ಕೇಳುತ್ತಿದ್ದಾನೆ.

ನಿವೃತ್ತ ಮಾಸ್ತರ, ಧಾರವಾಡ:

ಇಲ್ಲ, ಕಂಬಳಿಯ ಕಡೆಗೇ ಹತ್ತಿರ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲು ಮಾತ್ರ ಹಿಂದಿರುಗಿಸುತ್ತಾನೆ, ಹಳೆಯ ಡಾಂಬರು ರಸ್ತೆಯಷ್ಟು. ಸುತ್ತಲಿನ ಆಕಾಶ ಕಪ್ಪಾಗಿರುವುದರಿಂದ ಬೆಳ್ಳಗೆ ಕಾಣುತ್ತಾನೆ.

ಹಳೆ ಸ್ಟುಡಿಯೊ, ಹುಬ್ಬಳ್ಳಿ:

ಬೆಕ್ಕಿನ ವಿಷಯ ನಾನು ಹೇಳುತ್ತೇನೆ, ಟೀಚರ್. ರೀಲಿನ ಕಾಲದಲ್ಲಿ ಮದುವೆ ಫೋಟೊಗಳಲ್ಲಿ ಮದುಮಗಳ ಕಣ್ಣು ಕೆಂಪಗೆ ಬಂದು ಬೈಸಿಕೊಂಡವನು ನಾನು. ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡಿದ್ದರೆ ಬೆಳಕು ಕಣ್ಣಿನ ಹಿಂಭಾಗಕ್ಕೆ ತಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಆ ಕೆಂಪು ಅಲ್ಲಿನ ರಕ್ತದ್ದು. ಫ್ಲ್ಯಾಶನ್ನು ಪಕ್ಕಕ್ಕೆ ಸರಿಸಿದ ಮೇಲೆ ಬೈಗುಳವೂ ನಿಂತಿತು. ಬೆಕ್ಕಿಗೆ ಅಕ್ಷಿಪಟದ ಹಿಂದೆ ಕನ್ನಡಿಯಂಥ ಪದರವೇ ಇದೆ. ಆ ಹುಡುಗಿ ಟಾರ್ಚನ್ನು ತನ್ನ ಕಿವಿಯ ಪಕ್ಕ ಹಿಡಿದು ನೋಡಲಿ, ಆಮೇಲೆ ಅದನ್ನು ಅಣ್ಣನ ಕೈಗೆ ಕೊಟ್ಟು ನಾಲ್ಕು ಹೆಜ್ಜೆ ದೂರ ನಿಲ್ಲಿಸಲಿ. ಬೆಕ್ಕು ಅದೇ, ಟಾರ್ಚ್ ಅದೇ, ಹೊಳಪು ಮಾತ್ರ ಬಹುಮಟ್ಟಿಗೆ ಮಾಯ. ಟಾರ್ಚ್ ಆರಿಸಿದರೆ ಏನೂ ಇಲ್ಲ.

ಮುಂಡರಗಿ ಟೀಚರ್:

ಶನಿವಾರ ಅದೇ ಹುಡುಗಿಯ ಮನೆಗೆ ಹೋಗಿದ್ದೆವು. ಅವಳ ಅಜ್ಜಿ ಜರಡಿ ಕೊಟ್ಟರು, ಹಿಟ್ಟು ಹಾಳಾಗುತ್ತದೆ ಎಂದು ಗೊಣಗಿದರು, ಕೊನೆಗೆ ಜರಡಿ ಹಿಡಿದವರೂ ಅವರೇ. ಕಂಬ ಎದ್ದಾಗ ಯಾರೂ ಮಾತನಾಡಲಿಲ್ಲ. ಒಬ್ಬ ಹುಡುಗ ಅದನ್ನು ಹಿಡಿಯಲು ಹೋದ, ಅವನ ಅಂಗೈ ಹೊಳೆಯಿತು, ಅಂಗೈಯಿಂದ ಕೆಳಗೆ ಕಂಬ ಕಡಿದುಹೋಯಿತು. ಸೋಮವಾರ ಆ ಹುಡುಗಿ ತಾನೇ ಬೋರ್ಡಿಗೆ ಬಂದು ಬಾಣ ಬರೆದಳು, ಒಂದಲ್ಲ ಎರಡು: ದೀಪದಿಂದ ವಸ್ತುವಿಗೆ ಒಂದು, ವಸ್ತುವಿನಿಂದ ಕಣ್ಣಿಗೆ ಇನ್ನೊಂದು.

ಟಾರ್ಚಿನ ಪ್ರಯೋಗ ಬಾಕಿ ಇದೆ. ನಮ್ಮ ಗದ್ದಲಕ್ಕೆ ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಬೇರೆಲ್ಲಿಗೋ ಹೋಗಿದೆ. ಹುಡುಕುತ್ತಿದ್ದಾರೆ.