ಸಮಸ್ಯೆ: "ಕಡಲಿನ ಚಿಪ್ಪುಂಟು ಕಲ್ಲ ಕಂಬದ ನಡುವೊಳ್"

ಕಡಲತಡಿ: ಈ ವಾರದ ಚಿತ್ರ ಇಟಲಿಯ ನೇಪಲ್ಸ್ ಪಕ್ಕದ ಪೊಟ್ಸುವೊಲಿ ಊರಿನದು. 19ನೇ ಶತಮಾನದ ಜಲವರ್ಣ, ನೇಪಲ್ಸ್‌ನ ಪೊಸಿಲ್ಲಿಪೊ ಚಿತ್ರಕಾರರ ಬಳಗದ್ದು. ಮೂರು ರೋಮನ್ ಕಂಬ, ಬುಡದಲ್ಲಿ ನಿಂತ ನೀರು. ಕಂಬದ ನಡುವಿನ ಕಪ್ಪು ಪಟ್ಟಿಯನ್ನು ಹತ್ತಿರದಿಂದ ನೋಡಿ. ಪದ್ಯದ ಕೊನೆ ಸಾಲು, ಅಂದರೆ ಸಮಸ್ಯೆ, ಮೇಲಿದೆ. ಅದಕ್ಕೆ ಹೊಂದುವ ಮೊದಲ ಮೂರು ಸಾಲು ಬರೆದು ಪೂರಣ ಮಾಡಿ.

ಹಳೇಬೇರು:
ಗುಡಿಯದು ಕಡಲೊಳು ಮುಳುಗುತ
ನಡುನೀರಿಂದೆದ್ದು ಬಂತು ಹಲವರುಷದ ಮೇಲ್
ಬಿಡದೇ ಕೊರೆದಿಹ ತೂತೊಳು
ಕಡಲಿನ ಚಿಪ್ಪುಂಟು ಕಲ್ಲ ಕಂಬದ ನಡುವೊಳ್

ತುಂಬೆ: ಚೆನ್ನಾಗಿದೆ.

ಇಬ್ಬನಿ: ಓಟ ಚೆನ್ನಾಗಿದೆ. ಆದ್ರೆ 'ಗುಡಿ' ತಪ್ಪು. ಅದು ರೋಮನ್ನರ ಸಂತೆಕಟ್ಟೆ. 1750ರಲ್ಲಿ ಅಗೆಯುವಾಗ ಸೆರಾಪಿಸ್ ದೇವರ ಮೂರ್ತಿ ಸಿಕ್ಕಿತು, ಅದಕ್ಕೇ ಗುಡಿ ಅಂದುಬಿಟ್ಟರು. ಪ್ರಾಸಕ್ಕೆ ಒದಗುತ್ತೆ ಅಂತ ಸಂತೆಯನ್ನು ಗುಡಿ ಮಾಡೋದು ಬೇಡ.

ಹಳೇಬೇರು: ಪ್ರಾಸಕ್ಕೆ ಬರೆದದ್ದಲ್ಲ. ಚಿತ್ರ ಬರೆದವನ ಕಾಲದಲ್ಲಿ ಎಲ್ಲರ ಬಾಯಲ್ಲೂ ಅದು ಸೆರಾಪಿಸ್ ಗುಡಿಯೇ. ನಾನು ಪೂರಣ ಮಾಡಿದ್ದು ಅವನ ಚಿತ್ರಕ್ಕೆ. ಹೋದ ಸಲ 'ಹೊಳೆ' ಅನ್ನೋ ಒಂದು ಪದಕ್ಕೆ ಮೂರು ದಿನ ಹಿಡಿದುಕೊಂಡಿರಿ, ನೆನಪಿದೆ ಅಲ್ವಾ?

ಇಬ್ಬನಿ: ನೆನಪಿದೆ. ಕೊನೆಗೆ ಬದಲಾಯಿಸಿದ್ದು ನೀವೇ. ಈಗ 'ಬಿಡದೇ' ದೀರ್ಘ ಯಾಕೆ? ಛಂದಸ್ಸಿನ ಮಾತ್ರೆಯ ಲೆಕ್ಕ ತುಂಬೋಕಾ?

ಹಳೇಬೇರು: ಒತ್ತಿ ಹೇಳೋಕೆ. ಬೆರಳುದ್ದದ ಚಿಪ್ಪುಜೀವಿ ಅಮೃತಶಿಲೆ ಕೊರೆದಿದೆ. ಅದೇನು ಒಂದು ದಿನದ ಕೆಲಸವಾ?

ತುಂಬೆ: ನಡುವೆ ಒಂದು ಪ್ರಶ್ನೆ. ಕಂಬದ ಬುಡ ಯಾಕೆ ನುಣ್ಣಗಿದೆ? ನೀರಿಗೆ ಮೊದಲು ಸಿಕ್ಕಿದ್ದು ಅದೇ ತಾನೆ?

ಕಡಲತಡಿ: ಬುಡದ ಸುಮಾರು 12 ಅಡಿ ಹೂಳಲ್ಲಿ ಮುಚ್ಚಿಹೋಗಿತ್ತು, ಚಿಪ್ಪಿಗೆ ಸಿಗಲಿಲ್ಲ. ಅದರ ಮೇಲಿನ 9 ಅಡಿ ತುಂಬಾ ತೂತು. ಏರಿಳಿದದ್ದು ಸಮುದ್ರ ಅಲ್ಲ, ನೆಲ. ಚಾರ್ಲ್ಸ್ ಲಯೆಲ್ 1830ರಲ್ಲಿ ತಂದ ಭೂವಿಜ್ಞಾನದ ಪುಸ್ತಕದ ಮೊದಲ ಚಿತ್ರ ಇದೇ ಕಂಬಗಳದ್ದು. 1982–84ರಲ್ಲೂ ಆ ಊರು ಸುಮಾರು 1.8 ಮೀಟರ್ ಮೇಲೆದ್ದಿತು. ಮನೆಗಳು ಬಿರುಕುಬಿಟ್ಟು ಸಾವಿರಾರು ಜನ ಊರು ಬಿಟ್ಟರು.

ಹಳೇಬೇರು: ಹಾಗಾದ್ರೆ ನನ್ನ 'ಎದ್ದು ಬಂತು' ಇದ್ದದ್ದು ಇದ್ದ ಹಾಗೇ ಇದೆ.

ಇಬ್ಬನಿ: ಅದಕ್ಕೆ ತಕರಾರಿಲ್ಲ. ಗುಡಿಗೆ ಮಾತ್ರ. ಸುಮ್ನೆ ತಪ್ಪು ಹುಡುಕ್ತೀನಿ ಅನ್ನಬಾರದಲ್ಲ, ಇದು ನನ್ನದು:
ಗುಡಿಯಲ್ಲವದೋ ಸಂತೆಯೆ
ಎಡಬಲದಲಿ ಮೀನ ಮಾರಿದಂಗಡಿ ಸಾಲೇ
ಕೊಡುವರ ಕೊಳುವರ ಕಾಣದೆ
ಕಡಲಿನ ಚಿಪ್ಪುಂಟು ಕಲ್ಲ ಕಂಬದ ನಡುವೊಳ್

ತುಂಬೆ: ಆಹಾ.

ಹಳೇಬೇರು: ಮೂರನೇ ಸಾಲನ್ನು ನಾಲ್ಕು ಸಲ ಓದಿದೆ. ಮಾರಾಟವಾಗದೆ ಉಳಿದ ಚಿಪ್ಪು! ಅದು ನನಗೆ ಹೊಳೆಯಬೇಕಿತ್ತು. ಗುಡಿ ಮಾತ್ರ ತೆಗೆಯಲ್ಲ.