ಅಪ್‌ಡೇಟ್: ಲೂಸಿಯಾನಾಕ್ಕೆ ಬಂದೇಬಿಟ್ಟೆ
ಜೆ-1 ವೀಸಾದಲ್ಲಿ (ವಿನಿಮಯ ಕಾರ್ಯಕ್ರಮಗಳಿಗೆ ಬರುವವರಿಗೆ ಅಮೆರಿಕ ಕೊಡುವ ತಾತ್ಕಾಲಿಕ ವೀಸಾ) ಅಮೆರಿಕದ ಲೂಸಿಯಾನಾ ರಾಜ್ಯಕ್ಕೆ ಶಾಲೆಯಲ್ಲಿ ಗಣಿತ ಕಲಿಸಲು ಹೋಗಲಾ ಬೇಡವಾ ಎಂದು ಕಳೆದ ವರ್ಷ ಇಲ್ಲಿ ಕೇಳಿದ್ದೆ. ಆಗಸ್ಟ್‌ನಿಂದ ಆ ರಾಜ್ಯದ ಲಾಫಯೆಟ್ ನಗರದಲ್ಲಿದ್ದೇನೆ. ವೀಸಾ 3 ವರ್ಷದ್ದು, ಆಮೇಲೆ 2 ವರ್ಷದವರೆಗೆ ಮುಂದುವರಿಸಬಹುದು. ಕಾರಿಲ್ಲದಿದ್ದರೆ ಕಷ್ಟ ಎಂದು ನೀವು ಹೇಳಿದ್ದು ನಿಜ.

ಊಟದ ಚಿಂತೆ ಮಾತ್ರ ಸುಮ್ನೆ ಮಾಡಿಕೊಂಡಿದ್ದೆ. ಮೊದಲ ವಾರವೇ ಪಕ್ಕದ ಮನೆಯ ಅಜ್ಜಿ ಗಂಬೋ ತಂದುಕೊಟ್ಟರು. ಹಿಟ್ಟು ಹುರಿದು ಮಾಡಿದ ಕಂದು ಬಣ್ಣದ ಗಟ್ಟಿ ಸಾರು, ಅದರಲ್ಲಿ ಕೋಳಿ, ಬೆಂಡೆಕಾಯಿ, ಕೆಳಗೆ ಬಿಸಿ ಅನ್ನ. ಗಂಬೋ ಅನ್ನುವ ಹೆಸರೇ ಆಫ್ರಿಕಾದಲ್ಲಿ ಬೆಂಡೆಕಾಯಿಗೆ ಇರುವ ಪದದಿಂದ ಬಂದದ್ದಂತೆ. ಒಂದು ತುತ್ತಿಗೇ ಕಣ್ಣು ತುಂಬಿತು.

ತರಗತಿ ಹಿಡಿತಕ್ಕೆ ಬರಲು ತುಂಬಾ ದಿನ ಬೇಕಾಯಿತು. ಇಲ್ಲಿನ ದೊಡ್ಡ ಹಬ್ಬವಾದ ಮಾರ್ಡಿ ಗ್ರಾ ರಜೆಗೆ ಮುಂಚೆ ಮಕ್ಕಳು ನೇರಳೆ, ಹಸಿರು, ಬಂಗಾರದ ಬಣ್ಣದ ಮಣಿಸರ ತಂದು ನನ್ನ ಕೊರಳಿಗೆ ಹಾಕಿದರು. ಈ ಕೆಲಸ ಕೊಡಿಸಿದ ಏಜೆನ್ಸಿಗೆ ಕೊಟ್ಟ ದುಡ್ಡು ಜಾಸ್ತಿಯೇ ಆಯಿತು. ಬರುವವರು ಒಪ್ಪಂದ ಪೂರ್ತಿ ಓದಿ ಸಹಿ ಮಾಡಿ.