ಸಿಟಿ ಸ್ಕ್ಯಾನ್ ನಾರ್ಮಲ್ ಅಂದಮೇಲೂ ಸ್ಟ್ರೋಕ್ ಇಂಜೆಕ್ಷನ್ ಯಾಕೆ?

ಮೊನ್ನೆ ಬೆಳಗ್ಗೆ ಅಪ್ಪ ಕಾಫಿ ಲೋಟಕ್ಕೆ ಕೈ ಚಾಚಿದರು, ಬಲಗೈ ಏಳಲೇ ಇಲ್ಲ, ಬಾಯಿ ಸೊಟ್ಟಗಾಗಿತ್ತು. ಒಂದೂವರೆ ಗಂಟೆಯೊಳಗೆ ಆಸ್ಪತ್ರೆ ಸೇರಿಸಿದೆವು. ಸಿಟಿಯಲ್ಲಿ ಏನೂ ಕಾಣುತ್ತಿಲ್ಲ ಅಂದವರು ಮರುಕ್ಷಣವೇ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಟ್ಟರು. ಯಾಕೆ?

ಉತ್ತರ 1: ಕಾಣದಿದ್ದದ್ದೇ ಒಳ್ಳೆಯದಾಯಿತು! ಮೊದಲ ಸಿಟಿ ಮಾಡುವುದೇ ಮುಖ್ಯವಾಗಿ ಮೆದುಳಿನಲ್ಲಿ ರಕ್ತ ಸೋರಿದೆಯಾ ಅಂತ ನೋಡೋಕೆ. ಸೋರಿದ್ದರೆ ಬೆಳ್ಳಗೆ ಕಾಣುತ್ತದೆ, ಆಗ ಈ ಇಂಜೆಕ್ಷನ್ ಕೊಟ್ಟರೆ ಜೀವಕ್ಕೇ ಕುತ್ತು. ರಕ್ತನಾಳ ಕಟ್ಟಿಕೊಂಡ ಸ್ಟ್ರೋಕ್ ಶುರುವಿನಲ್ಲಿ ಸಿಟಿಗೆ ಎಷ್ಟೋ ಸಲ ಸಿಗುವುದೇ ಇಲ್ಲ. ಕೈ, ಮುಖ, ಮಾತು ನೋಡಿಯೇ ತೀರ್ಮಾನ. ಸಾಮಾನ್ಯವಾಗಿ 4.5 ಗಂಟೆಯೊಳಗೆ ಕೊಡಬೇಕು, ಅದರಲ್ಲೂ ಬೇಗ ಕೊಟ್ಟಷ್ಟೂ ಲಾಭ ಜಾಸ್ತಿ.

ಉತ್ತರ 2: ನಮ್ಮತ್ತೆ ನಿದ್ದೆಯಿಂದ ಎದ್ದಾಗಲೇ ತೊದಲುತ್ತಿದ್ದರು. ಕೊನೆಗೆ ಸರಿಯಾಗಿ ಮಾತಾಡಿದ್ದು ಎಷ್ಟು ಹೊತ್ತಿಗೆ ಅಂತ ಡಾಕ್ಟರ್ ಮೂರು ಸಲ ಕೇಳಿದರು, ಗಂಟೆಯ ಲೆಕ್ಕ ಅಲ್ಲಿಂದಲೇ ಅಂತೆ. ಆಮೇಲೆ ಎಂಆರ್‌ಐ. ಅದರಲ್ಲಿ ಸ್ಟ್ರೋಕ್ ಬೇಗ ಕಾಣುವ ಡಿಫ್ಯೂಷನ್ ಅನ್ನೋ ಚಿತ್ರದಲ್ಲಿ ಕಲೆ ಇದ್ದು, ತಡವಾಗಿ ಕಾಣುವ ಫ್ಲೇರ್ ಅನ್ನೋ ಚಿತ್ರದಲ್ಲಿ ಇಲ್ಲದಿದ್ದರೆ ಸ್ಟ್ರೋಕ್ ಇನ್ನೂ ಹೊಸದು ಅಂತ ಅರ್ಥ.

ಉತ್ತರ 3: ದೊಡ್ಡ ನಾಳ ಮುಚ್ಚಿದೆಯಾ ಅಂತ ಸಿಟಿ ಆಂಜಿಯೋ (ರಕ್ತನಾಳಗಳ ಸ್ಕ್ಯಾನ್) ಕೂಡ ಮಾಡಿದರಾ ಕೇಳಿ. ಮುಚ್ಚಿದ್ದರೆ ತೊಡೆಸಂದಿಯಿಂದ ಸಣ್ಣ ನಳಿಕೆ ತೂರಿಸಿ ಗಡ್ಡೆ ಎಳೆಯುತ್ತಾರೆ. ಮೆದುಳಿನಲ್ಲಿ ಉಳಿಸಬಹುದಾದ ಭಾಗ ಸ್ಕ್ಯಾನ್‌ನಲ್ಲಿ ಕಂಡರೆ 24 ಗಂಟೆವರೆಗೂ ಮಾಡಬಹುದು ಅಂತ 2018ರಿಂದ ಆಚರಣೆಗೆ ಬಂದಿದೆ. ಅಪ್ಪನ ಕೈ ಈಗ ಹೇಗಿದೆ?